ಬೆಕ್ಕಿನ ಮಿದುಳಿನ ಸಂಶೋಧನೆಗೂ ಕಂಪ್ಯೂಟರು ಚಿತ್ರ ಗುರುತಿಸುವುದಕ್ಕೂ ಏನು ಸಂಬಂಧ?

ಸಂಬಂಧ ಸಾಕಷ್ಟು ನೇರವಾದದ್ದೇ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್, ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿನ ದೃಷ್ಟಿಕೇಂದ್ರದಲ್ಲಿ ಸೂಕ್ಷ್ಮ ಎಲೆಕ್ಟ್ರೋಡ್ ಇಟ್ಟು, ಅದರ ಕಣ್ಣಿಗೆ ಚುಕ್ಕೆಗಳಿದ್ದ ಗಾಜಿನ ಸ್ಲೈಡುಗಳನ್ನು ತೋರಿಸುತ್ತಿದ್ದರು. ಗಂಟೆಗಟ್ಟಲೆ ಯಾವ ಚುಕ್ಕೆಗೂ ಜಗ್ಗದಿದ್ದ ನರಕೋಶವೊಂದು, ಸ್ಲೈಡನ್ನು ಒಳಕ್ಕೆ ತೂರಿಸುವಾಗ ಗಾಜಿನ ಅಂಚಿನ ತೆಳು ನೆರಳು ಸರಿದದ್ದೇ ತಡ, ಎಲೆಕ್ಟ್ರೋಡಿಗೆ ಜೋಡಿಸಿದ್ದ ಧ್ವನಿವರ್ಧಕದಲ್ಲಿ ಪಟಪಟನೆ ಸದ್ದು ಮಾಡತೊಡಗಿತು. ಆ ಕೋಶಕ್ಕೆ ಬೇಕಿದ್ದದ್ದು ಚುಕ್ಕೆಯಲ್ಲ, ನಿರ್ದಿಷ್ಟ ಕೋನದಲ್ಲಿ ವಾಲಿದ ಗೆರೆ. (ಇಂಥ ಆಕಸ್ಮಿಕವನ್ನು ಗಮನಿಸಲೂ ತಾಳ್ಮೆ ಬೇಕು.) 1981ರಲ್ಲಿ ಇಬ್ಬರೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಅವರು ವಿವರಿಸಿದ ಸರಳ (ನಿರ್ದಿಷ್ಟ ಜಾಗದಲ್ಲಿನ ಗೆರೆಗೆ ಸ್ಪಂದಿಸುವ) ಮತ್ತು ಸಂಕೀರ್ಣ (ಗೆರೆ ತುಸು ಸರಿದರೂ ಸ್ಪಂದಿಸುವ) ಕೋಶಗಳನ್ನೇ ಮಾದರಿಯಾಗಿಟ್ಟುಕೊಂಡು ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ 'ನಿಯೋಕಾಗ್ನಿಟ್ರಾನ್' ಎಂಬ ಪದರಪದರವಾದ ಕೃತಕ ನರಜಾಲವನ್ನು (ನರಕೋಶಗಳನ್ನು ಅನುಕರಿಸುವ ಕಂಪ್ಯೂಟರು ಮಾದರಿಯನ್ನು) ಪ್ರಕಟಿಸಿದರು; ಚಿತ್ರಗಳನ್ನು ಗುರುತಿಸುವ ಇಂದಿನ ಕನ್ವಲ್ಯೂಷನಲ್ ಜಾಲಗಳು (ಒಂದೇ ಪುಟ್ಟ ಜರಡಿಯನ್ನು ಚಿತ್ರದುದ್ದಕ್ಕೂ ಸರಿಸಿ ಗೆರೆ, ಅಂಚುಗಳಂಥ ಲಕ್ಷಣಗಳನ್ನು ಹುಡುಕುವಂಥವು) ಅದೇ ವಂಶದವು.

ಹಾಗೆಂದು ಯಂತ್ರವು ನಮ್ಮಂತೆಯೇ ನೋಡುತ್ತದೆ ಎನ್ನಲಾಗದು. ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮದ ಸುಕ್ಕುಗಳನ್ನು ಹೊದಿಸಿದ ಚಿತ್ರವನ್ನು 2019ರ ಒಂದು ಅಧ್ಯಯನದಲ್ಲಿ ತೋರಿಸಿದಾಗ, ಮನುಷ್ಯರು ಸಾಮಾನ್ಯವಾಗಿ ಆಕಾರವನ್ನೇ ನಂಬಿ ಬೆಕ್ಕು ಎಂದರೆ, ಜಾಲವು ಮೇಲ್ಮೈಯನ್ನು ನಂಬಿ ಆನೆ ಎಂದಿತು.