ಬುಸ್ಕೆಯ 'ಕ' ಎಲ್ಲಿಂದ ಬಂತು?

ಪ್ರಿಯ ಲೇಖಕಿಯವರೇ,

ಸ್ಪ್ಯಾನಿಶ್ ಆಜ್ಞೆಗಳ ಬಗ್ಗೆ ನಿಮ್ಮ ಬರಹ ತಲುಪಿತು. ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಭಾಷೆ ಕಲಿತದ್ದನ್ನು ಚೆನ್ನಾಗಿ ಹೇಳಿದ್ದೀರಿ. ಆದರೆ ಎರಡನೇ ಪುಟ ಓದುವಾಗ ನನಗೆ ಸಿಟ್ಟು ಬಂತು.

'ಬುಸ್ಕಾರ್ ಎಂದರೆ ಹುಡುಕುವುದು. ಆಜ್ಞೆಯಲ್ಲಿ ಅದು ಬುಸ್ಕೆ, ಅಂದರೆ ಹುಡುಕು' ಎಂದಿದ್ದೀರಿ. ಅಲ್ಲ. ಹುಡುಕು ಎನ್ನಲು ಬುಸ್ಕಾ. ಬುಸ್ಕೆ ಎಂದರೆ ಹುಡುಕಿ. ಗೆಳೆಯರಿಗೆ ತೂ, ಗೌರವ ಕೊಡಬೇಕಾದವರಿಗೆ ಉಸ್ತೆದ್. ನೀನು, ನೀವು ಎನ್ನುತ್ತಲೇ ಬೆಳೆದವರು ನಾವು. ಇಂಗ್ಲಿಷ್‌ನಲ್ಲಿ ಕಲಿಯುವವರು ಒದ್ದಾಡುವ ಈ ಜಾಗ ನಮಗೆ ಮನೆಯಂಗಳ. ಅದನ್ನೇ ಸುಮ್ನೆ ಬಿಟ್ಟಿದ್ದೀರಲ್ಲ!

ನಾನು ಮಾಟುಂಗಾದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಾಗ ಒಂದು ಅಡುಗೆ ಬರಹ ಬರೆದಿದ್ದೆ. ಮೊಳೆ ಜೋಡಿಸುವ ಹಿರಿಯರು ಕರಡು ಹಿಡಿದು ಬಂದರು. 'ಮೊದಲ ಸಾಲಲ್ಲಿ ಈರುಳ್ಳಿ ಹೆಚ್ಚಿ, ಮೂರನೇದರಲ್ಲಿ ಉಪ್ಪು ಹಾಕು. ಓದುವವರು ನಿನ್ನ ತಂಗಿನಾ, ಅತ್ತೆನಾ?' ಅಂದರು. ಆ ರಾತ್ರಿ ಇಡೀ ಬರಹ ತಿದ್ದಿದೆ. ಇವತ್ತಿಗೂ ಆಜ್ಞೆಯ ಮಾತು ಕಂಡರೆ ಮೊದಲು ನೋಡುವುದು ಅದನ್ನೇ.

ಮುಂದಿನ ಸಾಲು: 'ಕ್ರಿಯಾಪದ ವಿಚಿತ್ರವಾಗಿ ಬದಲಾಗುತ್ತದೆ, ಬಾಯಿಪಾಠ ಮಾಡಿ.' ಇದರಲ್ಲಿ ವಿಚಿತ್ರ ಏನೂ ಇಲ್ಲ. ಉಸ್ತೆದ್‌ಗೆ ಹೇಳುವಾಗ ಬುಸ್ಕಾದ ಕೊನೆಯ 'ಆ' ಹೋಗಿ 'ಎ' ಬರುತ್ತದೆ. ಸ್ಪ್ಯಾನಿಶ್‌ನಲ್ಲಿ ಸಿ ಅಕ್ಷರದ ನಂತರ 'ಎ' ಬಂದರೆ 'ಕ' ಉಳಿಯುವುದಿಲ್ಲ, 'ಸ' ಆಗುತ್ತದೆ. ಸ್ಪೇನಿನ ಹೆಚ್ಚಿನ ಕಡೆ 'ಥ'ದ ಹತ್ತಿರದ ಧ್ವನಿ. 'ಕ' ಉಳಿಸಲು ಸಿ ತೆಗೆದು ಕ್ಯೂ, ಯು ಬರೆಯುತ್ತಾರೆ. ಪಾಗಾರ್, ಅಂದರೆ ಹಣ ಕೊಡುವುದು. ಪಾಗೆ ಬರೆಯುವಾಗ ಜಿ ಪಕ್ಕ ಯು ಇಡದಿದ್ದರೆ 'ಪಾಹೆ' ಎಂದು ಓದಬೇಕಾಗುತ್ತದೆ. ಎಸ್ಕೊಹೆರ್, ಅಂದರೆ ಆರಿಸುವುದು, ಇದರ ತಿರುಗುಮುರುಗು: ಉಸ್ತೆದ್‌ಗೆ ಹೇಳುವಾಗ 'ಎ' ಹೋಗಿ 'ಆ' ಬರುತ್ತದೆ. 'ಎಸ್ಕೊಹಾ'ದಲ್ಲಿ 'ಹ' ಉಳಿಯಲಿ ಎಂದು ಜಿ ಜಾಗಕ್ಕೆ ಜೆ ಬರುತ್ತದೆ. ಬದಲಾಗುವುದು ಅಕ್ಷರ. ಅದು ಬದಲಾಗುವುದೇ ಧ್ವನಿ ಬದಲಾಗದಿರಲಿ ಎಂದು.

ನಮ್ಮ ಲಿಪಿಯಲ್ಲಿ ಕಾ, ಕಿ, ಕೆ, ಎಲ್ಲದರಲ್ಲೂ 'ಕ' ಕನೇ, ಅಲ್ವಾ? ಹಾಗಾಗಿ ಬುಸ್ಕಾ, ಬುಸ್ಕೆ ಎಂದು ಕನ್ನಡದಲ್ಲಿ ಬರೆದರೆ ನೀವು ಹೇಳುವ ಬದಲಾವಣೆ ಓದುವವರಿಗೆ ಕಾಣುವುದೇ ಇಲ್ಲ. ಅದನ್ನು ಮೊದಲೇ ಹೇಳಿ, ಪ್ರತಿ ಮಾತಿಗೂ ಅಕ್ಷರಗಳನ್ನು ಬಿಡಿಸಿ ತೋರಿಸಿ.

ಎಂಪೆಸಾರ್, ಶುರು ಮಾಡುವುದು, ಈ ಕಂತಿಗೆ ಬೇಡ. 'ಎಂಪಿಯೆಸೆ'ಯಲ್ಲಿ ಜೆಡ್ ಹೋಗಿ ಸಿ ಬರುವುದರ ಜೊತೆಗೆ ನಡುವಿನ 'ಎ' ಕೂಡ 'ಇಯೆ' ಆಗುತ್ತದೆ. ಎರಡೂ ಒಟ್ಟಿಗೆ ಬಂದರೆ ಜಾಸ್ತಿ ಆಯಿತು. ಎರಡನೇ ಪುಟ ಮಾತ್ರ ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.