ಪಂಕ್, ಎಮೋ, ಮೆಟಲ್ ಸಂಗೀತ ಅಂದ್ರೆ ಬರೀ ಕಿರುಚಾಟ ಅಲ್ವಾ? ಅದರಲ್ಲಿ ಅಂಥದ್ದೇನಿದೆ?

ಕಿರುಚಾಟ ಇದೆ, ನಿಜ. ಆದರೆ ಅಷ್ಟೇ ಅಲ್ಲ. ಕಾಲೇಜು ದಿನಗಳಿಂದಲೂ ಬಳ್ಳಾರಿಯಲ್ಲೇ ಕೂತು ಇದನ್ನು ಕೇಳುತ್ತಾ ಬಂದವನು ನಾನು.

ಮೆಟಲ್ ಕಥೆ ನಮ್ಮ ಕಡೆಯವರಿಗೆ ಬೇಗ ತಟ್ಟುತ್ತೆ. ಮೆಟಲ್‌ಗೆ ಬುನಾದಿ ಹಾಕಿದ ಬ್ಲ್ಯಾಕ್ ಸಬಾತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರು. 17ನೇ ವಯಸ್ಸಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳು ಹೋದವು. ಎಡಗೈಯಲ್ಲಿ ಗಿಟಾರ್ ಮೀಟುವ ಅವರಿಗೆ ತಂತಿ ಒತ್ತಲು ಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ತೆಳು ತಂತಿ ಹಾಕಿದರು. ಮುಂದೆ ಶ್ರುತಿಯನ್ನೂ ಇಳಿಸಿದರು, ನಾದ ಇನ್ನಷ್ಟು ಭಾರವಾಯಿತು. ಇಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವ ಗೆಳೆಯರಿಗೆ ಇದನ್ನು ಹೇಳಿದರೆ ಹಾಡು ಹಾಕು ಅನ್ನುತ್ತಾರೆ.

ಪಂಕ್ ದಾರಿ ಬೇರೆ. ಗಿಟಾರ್‌ನಲ್ಲಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದರೆ ಸಾಕು, ತಂಡ ಕಟ್ಟು ಅನ್ನುತ್ತೆ. ರಮೋನ್ಸ್ ತಂಡದ 1976ರ ಮೊದಲ ಆಲ್ಬಂನಲ್ಲಿ 14 ಹಾಡು, ಅರ್ಧ ಗಂಟೆಯೊಳಗೆ ಮುಗಿಯುತ್ತೆ. 1980ರ ದಶಕದ ನಡುವೆ ವಾಷಿಂಗ್ಟನ್ ಡಿಸಿಯ ಹಾರ್ಡ್‌ಕೋರ್ (ಪಂಕ್‌ನ ಇನ್ನೂ ವೇಗದ, ಒರಟು ರೂಪ) ತಂಡಗಳು ಸಿಟ್ಟಿನ ಜೊತೆ ಒಳಗಿನ ನೋವನ್ನೂ ಹಾಡಿದಾಗ ಎಮೋ ಹುಟ್ಟಿತು. ನನಗೆ ಜಾಸ್ತಿ ಹತ್ತಿರವಾದದ್ದು ಇದೇ.

ಹೊಸಬರು ನಮ್ಮ ಬೆಂಗಳೂರಿನ ಮೆಟಲ್ ತಂಡ ಕ್ರಿಪ್ಟೋಸ್‌ನಿಂದ ಶುರು ಮಾಡಿ. ಮೊದಲು ಡ್ರಮ್ಸ್ ಮಾತ್ರ ಗಮನಿಸಿ, ಆಮೇಲೆ ಗಿಟಾರ್. ಪದಗಳು ನಿಧಾನಕ್ಕೆ ಕಿವಿಗೆ ಬೀಳುತ್ತವೆ.