ಆಭಾ ನಂಬರ್ ಇದೆ, ರಿಪೋರ್ಟ್ ಮಾತ್ರ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಅಥಣಿ ಹತ್ತಿರದ ಹಳ್ಳಿ. ಅವ್ವನಿಗೆ ಸಕ್ಕರೆ ಕಾಯಿಲೆ, ಈಗ ಕಿಡ್ನಿ ತೊಂದರೆಯೂ ಶುರುವಾಗಿದೆ. ರಕ್ತ ತಪಾಸಣೆ ಅಥಣಿಯಲ್ಲಿ ಮಾಡಿಸುತ್ತೇವೆ. ಮಿರಜದಲ್ಲಿ ಅಡ್ಮಿಟ್ ಮಾಡಿದ್ದೆವು. ಈಗ ಬೆಳಗಾವಿಯ ಕಿಡ್ನಿ ಡಾಕ್ಟರ್‌ಗೆ ತೋರಿಸಿದರೆ, ಎಲ್ಲ ಟೆಸ್ಟ್ ಮತ್ತೆ ಮಾಡಿಸಿ ಅಂದರು. ಸರ್ಕಾರದ ಆರೋಗ್ಯ ಗುರುತಿನ ಆಭಾ ನಂಬರ್ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ. ಮತ್ತೆ ಈ ಕಾರ್ಡ್ ಯಾತಕ್ಕೆ?

ಉತ್ತರ: ಕಾರ್ಡ್ ಮಾಡಿಸಿದರೆ ಎಲ್ಲ ರಿಪೋರ್ಟ್ ತಾನಾಗಿ ಅದರೊಳಗೆ ಸೇರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 14 ಅಂಕಿಯ ಆಭಾ ಬರೀ ಗುರುತಿನ ಸಂಖ್ಯೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅನ್ನುವ ಕೇಂದ್ರ ಸರ್ಕಾರದ ಜಾಲ ಯಾರ ರಿಪೋರ್ಟನ್ನೂ ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. ಅಥಣಿಯದು ಅಥಣಿಯಲ್ಲೇ ಇರುತ್ತದೆ, ಮಿರಜದ್ದು ಮಿರಜದಲ್ಲೇ. ಬೆಳಗಾವಿಯವರು ಕೇಳಿ, ಅವ್ವ ಒಪ್ಪಿದಾಗ ಅಲ್ಲಿಂದ ಇಲ್ಲಿಗೆ ಬರುತ್ತದೆ. ಅದಕ್ಕೆ ಮೂರೂ ಕಡೆಯ ಸಾಫ್ಟ್‌ವೇರ್ ಈ ಜಾಲಕ್ಕೆ ಸೇರಿರಬೇಕು, ಆಯಾ ರಿಪೋರ್ಟ್ ಅವ್ವನ ಆಭಾಕ್ಕೆ ಜೋಡಣೆಯೂ ಆಗಿರಬೇಕು. ಎಲ್ಲೋ ಒಂದು ಕಡೆ ತಪ್ಪಿದರೆ ಅಲ್ಲಿನದು ಬರೋದಿಲ್ಲ. ಮಿರಜ ಮಹಾರಾಷ್ಟ್ರದ್ದು, ರಾಜ್ಯ ಬೇರೆ ಅನ್ನೋದು ಅಡ್ಡಿಯಲ್ಲ, ಜಾಲ ಇಡೀ ದೇಶದ್ದು.

ನಮ್ಮ ಕಡೆ ಜೋಡಣೆ ತಪ್ಪುವುದು ಜಾಸ್ತಿ ಹೆಸರಿನಲ್ಲಿ. ಆಧಾರ್‌ನಲ್ಲಿ ನೀಲವ್ವ, ಲ್ಯಾಬ್ ಚೀಟಿಯಲ್ಲಿ ನೀಲಮ್ಮ, ಮಿರಜದ ಕೇಸ್ ಪೇಪರಿನಲ್ಲಿ ನೀಲಾಬಾಯಿ. ಮೊಬೈಲ್ ನಂಬರ್ ಒಂದು ಕಡೆ ಮಗನದು, ಇನ್ನೊಂದು ಕಡೆ ಅಳಿಯನದು. ಇವರೆಲ್ಲ ಒಬ್ಬರೇ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಹೆಸರು ಬರೆಸುವಾಗಲೇ ಆಭಾ ನಂಬರ್ ಕೊಡಿ. ಕೌಂಟರಿನಲ್ಲಿ ಕ್ಯೂಆರ್ ಕೋಡ್ ಇದ್ದರೆ ಮೊಬೈಲಿನ ಆಭಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ಹೆಸರು ವಯಸ್ಸು ಆಭಾದಲ್ಲಿದ್ದಂತೆಯೇ ಹೋಗುತ್ತದೆ.

ಇಷ್ಟಾದರೂ ಮುಗಿಯಲಿಲ್ಲ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯಲು ನೋಡುವ ಕ್ರಿಯಾಟಿನಿನ್ ಒಂದನ್ನೇ ತೆಗೆದುಕೊಳ್ಳಿ. ಒಂದು ಲ್ಯಾಬ್ 'ಎಸ್. ಕ್ರಿಯಾಟ್ 1.9' ಅಂತ ಬರೆಯುತ್ತದೆ. ಇನ್ನೊಂದು 'ಕ್ರಿಯಾಟಿನಿನ್ ಸೀರಮ್ 168' ಅನ್ನುತ್ತದೆ. ನೋಡಿದ ಮನೆಯವರಿಗೆ ಎದೆ ಧಸಕ್ ಅನ್ನುತ್ತದೆ. ಆದರೆ ಎರಡೂ ಒಂದೇ. ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮೈಕ್ರೋಮೋಲ್, 1.9ನ್ನು 88.4ರಿಂದ ಗುಣಿಸಿದರೆ 168. ಮೂತ್ರದಲ್ಲೂ ಕ್ರಿಯಾಟಿನಿನ್ ನೋಡುತ್ತಾರೆ, ಅದರ ಲೆಕ್ಕವೇ ಬೇರೆ. ಡಾಕ್ಟರಿಗೆ ಇದು ಕಣ್ಣಲ್ಲೇ ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯೋದಿಲ್ಲ. ಅದಕ್ಕೇ ಲೊಯಿಂಕ್ ಅನ್ನುವ ಕೋಡ್ ಪಟ್ಟಿ ಇದೆ. 1994ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದದ್ದು. ರಕ್ತದ ಕ್ರಿಯಾಟಿನಿನ್ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ 2160-0, ಮೋಲ್ ಲೆಕ್ಕದಲ್ಲಿದ್ದರೆ 14682-9, ಮೂತ್ರದ್ದು ಮಿಲಿಗ್ರಾಂ ಲೆಕ್ಕದಲ್ಲಿ 2161-8. ಮೂರೂ ಕಡೆಯವರು ಈ ಕೋಡ್ ಹಾಕಿದ್ದರೆ ಅವ್ವನ ಕ್ರಿಯಾಟಿನಿನ್ ತಿಂಗಳಿಂದ ತಿಂಗಳಿಗೆ ಹೇಗೆ ಏರಿದೆ ಅಂತ ಬೆಳಗಾವಿಯ ಸ್ಕ್ರೀನಿನಲ್ಲಿ ಯೂನಿಟ್ ಹೊಂದಿಸಿ ಒಂದೇ ಗೆರೆಯಲ್ಲಿ ತೋರಿಸಬಹುದು. ಕಿಡ್ನಿ ಡಾಕ್ಟರಿಗೆ ಬೇಕಾದದ್ದೂ ಅದೇ. ಇವತ್ತಿನ ಒಂದು ಅಂಕಿಗಿಂತ ಆರು ತಿಂಗಳ ದಾರಿ ಮುಖ್ಯ.

ಇನ್ನೊಂದು ಮಾತು, ನಿಮಗೆ ಇಷ್ಟವಾಗಲಿಕ್ಕಿಲ್ಲ. ಎಲ್ಲ ಮರುತಪಾಸಣೆಯೂ ದುಡ್ಡಿನಾಸೆಗೆ ಅಲ್ಲ. ಅಡ್ಮಿಟ್ ಆಗಿ ಬಂದವರ ಕ್ರಿಯಾಟಿನಿನ್, ಪೊಟ್ಯಾಸಿಯಮ್ ಕೆಲವೇ ದಿನಗಳಲ್ಲಿ ಬದಲಾಗುತ್ತವೆ, ಅದನ್ನು ಮತ್ತೆ ನೋಡಲೇಬೇಕು. ಆದರೆ ಕಳೆದ ತಿಂಗಳ ಸ್ಕ್ಯಾನ್ ಕೈಯಲ್ಲೇ ಇರುವಾಗ ಮತ್ತೆ ಮಾಡಿಸಿ ಅಂದರೆ, ಯಾಕೆ ಅಂತ ಧೈರ್ಯವಾಗಿ ಕೇಳಿ. ಮಿರಜದವರು ಸ್ಕ್ಯಾನಿನ ಸಿಡಿ ಕೊಟ್ಟಿದ್ದರೆ ಬಿಸಾಕಬೇಡಿ. ಅದರಲ್ಲಿರುವುದು ಸಾಮಾನ್ಯವಾಗಿ ಡೈಕಾಮ್ ಮಾದರಿಯ ಚಿತ್ರ, ಯಾವ ರೇಡಿಯಾಲಜಿ ವಿಭಾಗದಲ್ಲೂ ತೆರೆಯುತ್ತದೆ. ಡಿಸ್ಚಾರ್ಜ್ ಕಾರ್ಡ್ ಇರುವ ಆ ಪ್ಲಾಸ್ಟಿಕ್ ಚೀಲವೂ ಸದ್ಯಕ್ಕೆ ಜೊತೆಯಲ್ಲೇ ಇರಲಿ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮದೊಂದು ಚಿಕ್ಕ ಲ್ಯಾಬ್. ರಿಪೋರ್ಟ್ ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ, ಯಾರದೂ ತಕರಾರಿಲ್ಲ. ಸಾಫ್ಟ್‌ವೇರ್ ಮಾರುವವರು 'ನಮ್ಮಲ್ಲಿ ಫೈರ್ ಇದೆ' ಅನ್ನುತ್ತಾರೆ. ನಂಬಬಹುದಾ?

ಉತ್ತರ: ನಂಬುವ ಮೊದಲು ಒಂದು ರಿಪೋರ್ಟ್ ಕಳಿಸಿ ತೋರಿಸಿ ಅನ್ನಿ. ಫೈರ್ ಅಂದರೆ ಆರೋಗ್ಯ ಮಾಹಿತಿಯನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ದಾಟಿಸುವ ಎಚ್‌ಎಲ್7 ಸಂಸ್ಥೆಯ ಮಾದರಿ. ನಮ್ಮ ಡಿಜಿಟಲ್ ಮಿಷನ್ ಅದರ ನಾಲ್ಕನೇ ಆವೃತ್ತಿ ಬಳಸುತ್ತದೆ. ಆದರೆ ಅದು ಲಕೋಟೆ ಇದ್ದ ಹಾಗೆ. ಒಳಗೆ ಪಿಡಿಎಫ್ ತುರುಕಿ ಕಳಿಸಿದರೂ ನಿಯಮದ ಪ್ರಕಾರ ನಡೆಯುತ್ತದೆ. ಸೊಲ್ಲಾಪುರದ ಡಾಕ್ಟರ್ ತೆರೆದು ಓದಬಹುದು, ಅಷ್ಟೇ. ಅವರ ಕಂಪ್ಯೂಟರಿಗೆ ಅದು ಬರೀ ಒಂದು ಹಾಳೆ. ನನ್ನನ್ನು ಕೇಳಿದರೆ ಈಗ ನಿಜವಾದ ಗಂಟು ಇರುವುದು ಇಲ್ಲೇ, ಆಭಾ ಕಾರ್ಡಿನಲ್ಲಲ್ಲ.

ಆದ್ದರಿಂದ ಮಾರುವವರ ಮುಂದೆ ಕೂತು ಒಂದು ಕ್ರಿಯಾಟಿನಿನ್ ಫಲಿತಾಂಶ ತೆರೆಸಿ. ಕೋಡ್, ಅಂಕಿ, ಯೂನಿಟ್, ಸ್ಯಾಂಪಲ್ ತೆಗೆದ ಹೊತ್ತು, ನಿಮ್ಮ ಲ್ಯಾಬಿನ ನಾರ್ಮಲ್ ಮಿತಿ, ಇವು ಬೇರೆ ಬೇರೆ ಖಾನೆಯಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಲಕೋಟೆಗೆ ದುಡ್ಡು ಕೊಡುತ್ತಿದ್ದೀರಿ. ಲೊಯಿಂಕ್ ಬಳಸಲು ಶುಲ್ಕ ಇಲ್ಲ. ರೋಗದ ಹೆಸರುಗಳಿಗೆ ಬಳಸುವ ಸ್ನೋಮೆಡ್ ಸಿಟಿ ಅನ್ನುವ ಕೋಡ್ ಪಟ್ಟಿಗೂ ಭಾರತ ಸದಸ್ಯ ದೇಶವಾದ್ದರಿಂದ ನಮಗೆ ಲೈಸೆನ್ಸ್ ಶುಲ್ಕ ಇಲ್ಲ. ಪುಣೆಯಲ್ಲಿರುವ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನಲ್ಲಿ ಇದಕ್ಕೆಂದೇ ರಾಷ್ಟ್ರೀಯ ಕೇಂದ್ರ ಇದೆ. ಸಾವಿರ ಟೆಸ್ಟಿಗೆ ಕೋಡ್ ಹಾಕಲು ಹೋಗಬೇಡಿ, ದಿನಾ ಮಾಡುವ ಮೂವತ್ತು ನಲವತ್ತರಿಂದ ಶುರು ಮಾಡಿ. ಯಾವ ಟೆಸ್ಟಿಗೆ ಯಾವ ಕೋಡ್ ಅನ್ನುವುದನ್ನು ಮಾತ್ರ ಸಾಫ್ಟ್‌ವೇರ್ ಹುಡುಗರಿಗೆ ಬಿಡಬೇಡಿ, ನಿಮ್ಮ ಪೆಥಾಲಜಿಸ್ಟ್ ಕೂತು ನೋಡಲಿ.

ಪ್ರಶ್ನೆ: ಜಮಖಂಡಿಯಿಂದ ಬರೆಯುತ್ತಿದ್ದೇನೆ. ಆಭಾ ಮಾಡಿಸಿದರೆ ನನ್ನ ಹಳೆಯ ಕಾಯಿಲೆ ಎಲ್ಲ ಆಸ್ಪತ್ರೆಯವರಿಗೂ ಕಾಣುತ್ತದಾ?

ಉತ್ತರ: ನಂಬರ್ ಗೊತ್ತಿದ್ದ ಮಾತ್ರಕ್ಕೆ ಕಾಣೋದಿಲ್ಲ. ಯಾರು, ಯಾಕೆ, ಯಾವ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಕೇಳುತ್ತಿದ್ದಾರೆ ಅಂತ ನಿಮ್ಮ ಮೊಬೈಲಿಗೆ ಮನವಿ ಬರುತ್ತದೆ. ಅವಧಿ ಕಡಿಮೆ ಮಾಡಿ ಒಪ್ಪಬಹುದು, ಬೇಡ ಅನ್ನಬಹುದು, ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು. ಅಷ್ಟರಲ್ಲಿ ಅವರು ಪ್ರಿಂಟ್ ತೆಗೆದಿದ್ದರೆ ಅದೇನೂ ವಾಪಸ್ ಬರೋದಿಲ್ಲ ಅನ್ನಿ. ಆಭಾ ಮಾಡಿಸುವುದು ಕಡ್ಡಾಯವೂ ಅಲ್ಲ. ಕೌಂಟರಿನಲ್ಲಿ ಅವಸರ ಮಾಡಿ 'ಒಟಿಪಿ ಹೇಳ್ರಿ' ಅಂದರೆ, ಯಾತಕ್ಕೆ ಬಂದ ಒಟಿಪಿ ಅಂತ ಮೆಸೇಜ್ ಓದಿಯೇ ಹೇಳಿ.